ನಿಧಾನ ಯಾರಿಗೆ ಪ್ರಧಾನ?

‘ನಿಧಾನವೇ ಪ್ರಧಾನ’ ಎಂದು ರಸ್ತೆಯ ತಿರುವಿನಲ್ಲಿ ಬರೆದಿರುತ್ತಾರೆ. ಲಾರಿಗಳ ಬೆನ್ನಿಗೆ ಬರೆದಿರುತ್ತಾರೆ. ಅಡಿಗೆಮನೆಯ ಗೋಡೆಗೆ ಈ ಮಾತು ಬರೆದದ್ದನ್ನು ನನ್ನ ಅರವತ್ತಾರು ವರ್ಷದಲ್ಲಿ ಒಮ್ಮೆಯೂ ಕಂಡಿಲ್ಲ. ಅಲ್ಲಿ ಸಲ್ಲುವ ಹೊಗಳಿಕೆಯೇ ಬೇರೆ. ‘ಆಕಿ ಕೈ ಅಂದ್ರ ಮಷೀನ್ ನೋಡ್ರಿ, ತಾಸಿನೊಳಗ ಐವತ್ತು ರೊಟ್ಟಿ ಬಡೀತಾಳ’ ಎಂದು ನನ್ನನ್ನೂ ಒಂದು ಕಾಲಕ್ಕೆ ಹೊಗಳಿದ್ದರು. ನಾನೂ ಉಬ್ಬಿದ್ದೆ.

ಹೋದ ವರ್ಷ ಕಿತ್ತೂರಿನ ನಮ್ಮ ಬೀಗರ ಮನೆಯಲ್ಲಿ ಮದುವೆ. ನನ್ನನ್ನು ಬಾಗಿಲ ಹತ್ತಿರ ಗಾಳಿ ಬರುವಲ್ಲಿ ಒಂದು ಕುರ್ಚಿ ಹಾಕಿ ಕೂಡ್ರಿಸಿದ್ದರು. ಉಳಿದ ಹೆಂಗಸರೆಲ್ಲ ಸೆರಗು ಸಿಕ್ಕಿಸಿಕೊಂಡು ಒಳಗೆ ಹೊರಗೆ ಓಡಾಡುತ್ತಿದ್ದರು. ಹಾಗೆ ಓಡಾಡುತ್ತಿದ್ದವಳೊಬ್ಬಳು ನನ್ನ ಮುಂದೆ ಒಂದು ಗಳಿಗೆ ನಿಂತು, ‘ಅಕ್ಕಾರದ್ದ ಛಲೋ ನೋಡ್ರಿ, ಕುಂತಲ್ಲೇ ಎಲ್ಲಾ ಬರತೈತಿ. ಪುಣ್ಯಾ ಮಾಡ್ಯಾರ’ ಎಂದಳು. ಅವಳು ಕೆಟ್ಟವಳಲ್ಲ. ಅವಳ ಸೊಂಟಕ್ಕೂ ಬಿಡುವಿಲ್ಲದೆ ಆ ಮಾತು ಬಂದಿರಬೇಕು. ಆದರೂ ನನಗೆ ತಡೆಯಲಾಗಲಿಲ್ಲ. ಅಲ್ಲೇ ಉತ್ತರ ಕೊಡಬೇಕೆಂದರೆ ಉಸಿರು ಬೇಕಲ್ಲ! ಎರಡು ಶಬ್ದಕ್ಕೊಮ್ಮೆ ನಿಂತು ಜಗಳವಾಡಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ಎಷ್ಟು ಸಲ ನಿಂತೆ ಎಂಬುದು ಓದುವವರಿಗೆ ಗೊತ್ತಾಗುವುದಿಲ್ಲ.

ನನಗಿರುವ ರೋಗಕ್ಕೆ ಡಾಕ್ಟರರು ಸಿ.ಓ.ಪಿ.ಡಿ. ಎನ್ನುತ್ತಾರೆ. ನಮ್ಮ ಕಡೆ ಎಲ್ಲಕ್ಕೂ ಒಂದೇ ಹೆಸರು, ದಮ್ಮು. ಆಸ್ತಮಾ ಇದ್ದವರಿಗೂ ದಮ್ಮು, ನನಗೂ ದಮ್ಮು. ಆದರೆ ಆಸ್ತಮಾ ಬಂದು ಹೋಗುತ್ತದೆ, ನಡುವೆ ಉಸಿರು ತಿಳಿಯಾಗುತ್ತದೆ. ಇದು ಬಂದರೆ ಪೂರ್ತಿ ಹೋಗುವುದಿಲ್ಲ. ಶ್ವಾಸನಾಳಗಳು ಒಳಗೊಳಗೆ ಬಾತು ಕಿರಿದಾಗುತ್ತವೆ. ಅವುಗಳ ತುದಿಯಲ್ಲಿರುವ ಕೋಟಿಗಟ್ಟಲೆ ಗಾಳಿಗೂಡುಗಳು ಹಿಗ್ಗಿ, ಗೋಡೆ ಹರಿದು, ಹಳೆಯ ರಬ್ಬರಿನ ಹಾಗೆ ಸಡಿಲಾಗುತ್ತವೆ. ಹರಿದದ್ದನ್ನು ಮತ್ತೆ ಹೊಲಿಯುವ ಔಷಧ ಇನ್ನೂ ಇಲ್ಲ. ಇರುವ ಔಷಧ ಕಿರಿದಾದ ನಾಳವನ್ನು ಸ್ವಲ್ಪ ಅಗಲಿಸುತ್ತದೆ, ರೋಗ ಕೆರಳದಂತೆ ನೋಡಿಕೊಳ್ಳುತ್ತದೆ.

ಇದು ಗೊತ್ತಾಗಲಿಕ್ಕೆ ನನಗೆ ಎಂಟು ವರ್ಷ ಹಿಡಿಯಿತು. ಮೊದಲು ಎಲ್ಲರೂ ವಯಸ್ಸು ಎಂದರು. ಆಮೇಲೆ ಮೈ ಬಂದಿದೆ ಎಂದರು, ಹೊಟ್ಟೆಯಲ್ಲಿ ಗ್ಯಾಸ್ ಎಂದರು. ಶುಂಠಿ ಕಷಾಯ, ಮೆಣಸಿನ ಕಷಾಯ, ಆಡುಸೋಗೆಯ ಕಷಾಯ ಎಲ್ಲ ಆಯಿತು. ಕೊನೆಗೆ ಮಗ ದೊಡ್ಡ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಕೊಳವೆಯೊಂದನ್ನು ಬಾಯಿಗೆ ಕೊಟ್ಟು ‘ಊದ್ರಿ, ಊದ್ರಿ, ಇನ್ನೂ ಊದ್ರಿ’ ಎಂದು ಊದಿಸಿದರು. ಮೂರು ಸಲ ಊದಿ ನಾನು ತೇಕುತ್ತ ಕುಳಿತಿದ್ದಾಗ ಡಾಕ್ಟರರು ಕಾಗದ ನೋಡಿ, ನನ್ನನ್ನು ಬಿಟ್ಟು ನಮ್ಮ ಮನೆಯವರ ಕಡೆ ತಿರುಗಿ, ‘ಇವರು ಬೀಡಿ ಸೇದತಿದ್ರೇನು?’ ಎಂದು ಕೇಳಿದರು. ಪಾಪ, ನಮ್ಮ ಮನೆಯವರು ನಾಚಿಕೊಂಡುಬಿಟ್ಟರು. ಸೇದಲಿಲ್ಲ ಡಾಕ್ಟರೇ, ಊದಿದೆ. ಇಪ್ಪತ್ತೆರಡು ವರ್ಷ ಊದುಗೊಳವೆಯಿಂದ ಒಲೆ ಊದಿದೆ. ಆದರೆ ಅದನ್ನು ಅವರು ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ. ಒಲೆ ಊದುವುದನ್ನೂ ಡಾಕ್ಟರರಿಗೆ ಹೇಳಬೇಕೆಂದು ಯಾರಿಗೆ ಹೊಳೆಯುತ್ತದೆ?

ಈ ರೋಗವನ್ನು ಗಂಡಸರ ರೋಗ, ಬೀಡಿ ಸೇದುವವರ ರೋಗ ಎಂದು ಇನ್ನೂ ಎಷ್ಟು ದಿನ ಹೇಳುತ್ತೀರಿ? ನಮ್ಮ ದೇಶದಲ್ಲಿ 1990ರಲ್ಲಿ ಸುಮಾರು 2.8 ಕೋಟಿ ಜನರಿಗೆ ಇದು ಇತ್ತು, 2016ರ ಹೊತ್ತಿಗೆ 5.5 ಕೋಟಿ ಜನರಿಗಾಯಿತು ಎಂದು 2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ಬಳಗದಲ್ಲಿ ಬಂದ ಲೆಕ್ಕ ಹೇಳುತ್ತದೆ. ಅದೇ ಲೆಕ್ಕದ ಪ್ರಕಾರ ಇದರ ಹೊರೆಯಲ್ಲಿ ನೂರಕ್ಕೆ ಸುಮಾರು 54 ಪಾಲು ಕೆಟ್ಟ ಗಾಳಿಯಿಂದ ಬಂದದ್ದು, ಒಲೆಯ ಹೊಗೆಯೂ ಅದರಲ್ಲೇ ಸೇರಿದೆ. ತಂಬಾಕಿನ ಪಾಲು ಸುಮಾರು 25. ಹೀಗಿದ್ದರೂ ದವಾಖಾನೆಯ ಗೋಡೆಗೆ ಅಂಟಿಸುವ ಚಿತ್ರದಲ್ಲಿ ಉರಿಯುವ ಸಿಗರೇಟೇ ಇರುತ್ತದೆ. ಉರಿಯುವ ಒಲೆಯ ಚಿತ್ರ ನಾನು ನೋಡಿಲ್ಲ.

ಇನ್ನೊಂದು ಲೆಕ್ಕವಿದೆ, ಅದನ್ನು ನೀವು ಈಗಲೇ ಮಾಡಿ ನೋಡಬಹುದು. ದಿನಕ್ಕೆ ಎಷ್ಟು ತಾಸು ಹೊಗೆಯ ಒಲೆಯ ಮುಂದೆ ಕೂತಿರಿ, ಹಾಗೆ ಎಷ್ಟು ವರ್ಷ ಕೂತಿರಿ, ಎರಡನ್ನೂ ಗುಣಿಸಿ. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಸಂಶೋಧಕರು ಸುತ್ತಲ ಹಳ್ಳಿಯ ಹೆಣ್ಣುಮಕ್ಕಳನ್ನು ಪರೀಕ್ಷಿಸಿ, ಈ ಗುಣಾಕಾರ 60 ದಾಟಿದರೆ ಮಾಸದ ಕೆಮ್ಮು ಕಫದ ರೋಗ ಬರುವ ಅಪಾಯ ಎದ್ದು ಕಾಣುವಷ್ಟು ಹೆಚ್ಚುತ್ತದೆ ಎಂದು 2013ರಲ್ಲಿ ಪ್ರಕಟಿಸಿದರು. ಮೂರು ತಾಸು, ಇಪ್ಪತ್ತು ವರ್ಷ, ಆಯಿತು 60. ನಾನು 1977ರಲ್ಲಿ ಮದುವೆಯಾಗಿ ಸವದತ್ತಿ ತಾಲೂಕಿನ ಹಳ್ಳಿಗೆ ಬಂದೆ. ಹನ್ನೆರಡು ಮಂದಿಯ ಮನೆ. ಹತ್ತಿಕಟ್ಟಿಗೆ, ಜಾಲಿಕಟ್ಟಿಗೆ, ಕುಳ್ಳು ಉರಿಸಿ ಮುಂಜಾನೆ ಎರಡು ತಾಸು, ಸಂಜೆ ಎರಡು ತಾಸು. ಬೈಲಹೊಂಗಲಕ್ಕೆ ಬಂದು ಗ್ಯಾಸ್ ಹಚ್ಚಿದ್ದು 1999ರಲ್ಲಿ. ನಾಲ್ಕು ತಾಸು, ಇಪ್ಪತ್ತೆರಡು ವರ್ಷ, 88. ಮಳೆಗಾಲದ ಹಸಿ ಕಟ್ಟಿಗೆಗೆ ಬೇರೆ ಲೆಕ್ಕ ಹಿಡಿದಿಲ್ಲ.

ಈಗ ಪುಣ್ಯದ ಮಾತಿಗೆ ಬರುತ್ತೇನೆ. ನಾನು ಯಾಕೆ ಕುಳಿತಿರುತ್ತೇನೆ?

ಉಸಿರು ಒಳಗೆ ಎಳೆಯುವುದು ನಮಗೆ ಅಷ್ಟು ಕಷ್ಟವಲ್ಲ, ಹೊರಗೆ ಹಾಕುವುದು ಕಷ್ಟ. ಕಿರಿದಾದ ನಾಳದಿಂದ ಗಾಳಿ ಹೊರಬೀಳಲು ಹೊತ್ತು ಬೇಕು. ಅವಸರ ಮಾಡಿದಷ್ಟೂ ಆ ಹೊತ್ತು ಕಡಿಮೆಯಾಗುತ್ತದೆ. ನಿಮಿಷಕ್ಕೆ 15 ಸಲ ಉಸಿರಾಡಿದರೆ ಒಂದು ಉಸಿರಿಗೆ 4 ಸೆಕೆಂಡು ಸಿಗುತ್ತದೆ, 30 ಸಲ ಉಸಿರಾಡಿದರೆ 2 ಸೆಕೆಂಡು. ಹಳೆಯ ಗಾಳಿ ಪೂರ್ತಿ ಹೊರಗೆ ಹೋಗುವ ಮೊದಲೇ ಹೊಸದು ಒಳಗೆ ನುಗ್ಗುತ್ತದೆ. ಹೀಗೆ ಹತ್ತು ಉಸಿರಾಗುವುದರೊಳಗೆ ಎದೆ ತುಂಬಿ ಬಿಗಿದ ಹತ್ತಿಯ ಅಂಡಿಗೆಯಾಗುತ್ತದೆ. ಒಳಗೆ ಗಾಳಿ ಇದೆ, ಆದರೆ ಉಸಿರಿಲ್ಲ. ಆಗ ನಿಲ್ಲಲೇಬೇಕು. ಗೋಡೆಯನ್ನೋ ಕಂಬವನ್ನೋ ಹಿಡಿದು, ಮುಂದಕ್ಕೆ ಬಾಗಿ, ಅಂಡಿಗೆ ಸಡಿಲಾಗುವ ತನಕ ಕಾಯಬೇಕು. ಆ ಹೊತ್ತಿಗೆ ಯಾರಾದರೂ ‘ಯಾಕ್ರೀ, ಏನಾತು?’ ಎಂದು ಕೇಳುತ್ತಾರೆ. ಉತ್ತರ ಹೇಳಲು ಮತ್ತೆ ಉಸಿರು ಖರ್ಚು.

ಆದ್ದರಿಂದ ನಿಧಾನ ಎಂಬುದು ನನಗೆ ಸ್ವಭಾವವೂ ಅಲ್ಲ, ಸುಖವೂ ಅಲ್ಲ. ಅದನ್ನು ನಾನು ಶಾಲೆಯ ಹುಡುಗಿಯ ಹಾಗೆ ಕಲಿತೆ. ಮೂಗಿನಿಂದ ಎರಡೆಣಿಕೆ ಉಸಿರು ತೆಗೆದುಕೊಂಡು, ತುಟಿ ಕೂಡಿಸಿ ನಾಲ್ಕೆಣಿಕೆ ಮೆಲ್ಲಗೆ ಬಿಡಬೇಕು. ಇದನ್ನು ಹೇಳಿಕೊಟ್ಟ ಹುಡುಗಿ ‘ಬಿಸಿ ಚಹಾ ಊದಿದಂಗ ಊದ್ರಿ’ ಎಂದಳು. ನನಗೆ ನೆನಪಾದದ್ದು ಊದುಗೊಳವೆಯೇ. ಯಾವ ಊದುವಿಕೆಯಿಂದ ಎದೆ ಹಾಳಾಯಿತೋ ಅದನ್ನೇ ಈಗ ಒಲೆಯಿಲ್ಲದೆ ಊದುತ್ತಿದ್ದೇನೆ. ಮೆಟ್ಟಿಲು ಹತ್ತುವಾಗ ಉಸಿರು ಬಿಡುತ್ತ ಹತ್ತಬೇಕು, ತೆಗೆದುಕೊಳ್ಳುತ್ತ ನಿಲ್ಲಬೇಕು. ತಲೆ ಬಾಚುವುದು, ಹಗ್ಗದ ಮೇಲೆ ಸೀರೆ ಹರವುವುದು, ಅಟ್ಟದಿಂದ ಡಬ್ಬಿ ಇಳಿಸುವುದು, ಇವು ಹಗುರ ಕೆಲಸ ಎಂದು ತಿಳಿಯಬೇಡಿ. ಕೈ ಮೇಲೆತ್ತಿದರೆ ಉಸಿರಿಗೆ ನೆರವಾಗುವ ಎದೆಯ ಸ್ನಾಯುಗಳು ಕೈಯ ಕೆಲಸಕ್ಕೆ ಹೋಗಿಬಿಡುತ್ತವೆ. ಈಗ ಹಗ್ಗವನ್ನು ಎದೆಮಟ್ಟಕ್ಕೆ ಕಟ್ಟಿಸಿದ್ದೇನೆ, ಡಬ್ಬಿಗಳನ್ನೆಲ್ಲ ಕೆಳಗಿನ ಮಾಡಕ್ಕೆ ಇಳಿಸಿದ್ದೇನೆ. ಸ್ಟೂಲಿನ ಮೇಲೆ ಕುಳಿತು ಕಾಯಿಪಲ್ಯೆ ಹೆಚ್ಚುತ್ತೇನೆ, ಸ್ಟೂಲಿನ ಮೇಲೆ ಕುಳಿತೇ ಜಳಕ. ಹೊಟ್ಟೆ ಬಿರಿಯುವಂತೆ ಉಂಡರೆ ಅದು ಮೇಲಕ್ಕೆ ಒತ್ತಿ ಉಸಿರಿಗೆ ಜಾಗವಿಲ್ಲದಂತಾಗುತ್ತದೆ, ಆದ್ದರಿಂದ ಎರಡು ರೊಟ್ಟಿಯನ್ನು ಎರಡು ಸಲಕ್ಕೆ ಉಣ್ಣುತ್ತೇನೆ. ಮನೆಯಲ್ಲಿ ಖಾರ ಕುಟ್ಟುವುದಂತೂ ಬಂದಾಯಿತು.

ಆದರೆ ನೋಡಿ, ‘ನೀವು ಬರೇ ಮಲಗ್ರಿ’ ಎಂದು ನನ್ನನ್ನು ಮೂಲೆಗೆ ಹಾಕುವುದೂ ನನಗೆ ಒಪ್ಪಿಗೆಯಿಲ್ಲ. ಮಲಗಿದಲ್ಲೇ ಇದ್ದರೆ ಕಾಲಿನ ಸ್ನಾಯುಗಳು ಸೊರಗುತ್ತವೆ, ಸೊರಗಿದ ಕಾಲಿಗೆ ಅದೇ ನಾಲ್ಕು ಹೆಜ್ಜೆಗೆ ಇನ್ನೂ ಹೆಚ್ಚು ಉಸಿರು ಬೇಕು, ಅದಕ್ಕೆ ಹೆದರಿ ಇನ್ನೂ ಮಲಗುತ್ತೇವೆ. ನನಗೆ ಹೇಳಿದ್ದು ಇದೇ: ದಿನಾ ನಡೆಯಬೇಕು, ದಮ್ಮು ಬಂದಲ್ಲಿ ನಿಲ್ಲಬೇಕು, ತಿಳಿಯಾದ ಮೇಲೆ ಮತ್ತೆ ನಡೆಯಬೇಕು. ನಮ್ಮ ಮಂದಿಗೆ ಹೆಣ್ಣಿನ ವಿಷಯದಲ್ಲಿ ಎರಡೇ ಗತಿ ಗೊತ್ತು. ಒಂದೋ ಓಡಬೇಕು, ಇಲ್ಲವೇ ಹಾಸಿಗೆ ಹಿಡಿಯಬೇಕು. ನಡುವೆ ಮೆಲ್ಲಗೆ ನಡೆಯುವ ಹೆಂಗಸನ್ನು ಏನೆಂದು ಕರೆಯಬೇಕೋ ಅವರಿಗೆ ತಿಳಿಯುವುದಿಲ್ಲ. ಅದಕ್ಕೇ ಮೈಗಳ್ಳಿ ಎನ್ನುತ್ತಾರೆ, ಇಲ್ಲವೇ ಪುಣ್ಯವಂತೆ ಎನ್ನುತ್ತಾರೆ.

ನಾನು ದಿನಾ ಮುಂಜಾನೆ ನಮ್ಮೂರಿನ ಚೆನ್ನಮ್ಮನ ಸಮಾಧಿಯ ತನಕ ಹೋಗಿ ಬರುತ್ತೇನೆ. ಮೊದಲು ಹತ್ತು ನಿಮಿಷದ ದಾರಿ, ಈಗ ಅರ್ಧ ತಾಸಿನದು. ಅಲ್ಲಿ ಕುಳಿತಾಗ ಒಂದು ವಿಚಾರ ಬರುತ್ತದೆ. ಪ್ರತಿ ವರ್ಷ ಅಕ್ಟೋಬರ್ 23ಕ್ಕೆ ಕಿತ್ತೂರಿನಲ್ಲಿ ಉತ್ಸವ ಶುರುವಾಗುತ್ತದೆ, 2024ರಲ್ಲಿ ಅವಳ ವಿಜಯಕ್ಕೆ ಇನ್ನೂರು ವರ್ಷ ತುಂಬಿತು. ಈ ಸೀಮೆಯಲ್ಲಿ ಯಾವ ಮಹಿಳಾ ಸಮಾರಂಭಕ್ಕೆ ಹೋದರೂ ಭಾಷಣಕ್ಕೆ ನಿಂತವರು ‘ನೀವು ಚೆನ್ನಮ್ಮನ ನಾಡಿನ ಹೆಣ್ಣುಮಕ್ಕಳು, ನಿಮಗೆ ಯಾವುದೂ ಕಷ್ಟವಲ್ಲ’ ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಮನೆಗೆ ಬಂದರೆ ಅದರ ಅರ್ಥ ಇಷ್ಟೇ: ಕೆಮ್ಮಿಕೊಂಡಾದರೂ ಕೊಡ ಹೊರು. ಚೆನ್ನಮ್ಮ 1824ರಲ್ಲಿ ಕಂಪನಿ ಸರಕಾರಕ್ಕೆ ಆಗುವುದಿಲ್ಲ ಎಂದಳು. ಸೆರೆಯಾಗಿ ಬೈಲಹೊಂಗಲದ ಕೋಟೆಯಲ್ಲಿ 1829ರಲ್ಲಿ ತೀರಿಕೊಂಡಳು. ಒಲ್ಲೆ ಎಂದವಳ ಹೆಸರು ಹೇಳಿ ನಮಗೆ ಹೂಂ ಎನ್ನುವುದನ್ನು ಕಲಿಸುತ್ತಾರಲ್ಲ!

ಇನ್ನು ಹೇಳಬೇಕಾದ್ದನ್ನು ಹೇಳಲು ನನಗೆ ನಾಚಿಕೆಯಿದೆ. ಆದರೂ ಹೇಳುತ್ತೇನೆ.

ಡಾಕ್ಟರರು ‘ಇನ್ನ ಮ್ಯಾಲೆ ಹೊಗಿ ಮುಂದ ಕೂಡಬ್ಯಾಡ್ರಿ, ಕೆಲಸಾ ಕಡಿಮಿ ಮಾಡ್ರಿ’ ಎಂದರು. ನಮ್ಮ ಮನೆಯವರು ತಲೆಯಾಡಿಸಿದರು, ಮಗ ತಲೆಯಾಡಿಸಿದ. ಮನೆಗೆ ಬಂದೆವು. ಮರುದಿನದಿಂದ ನನ್ನ ಕೆಲಸ ಕಡಿಮೆಯಾಯಿತು. ಮನೆಯ ಕೆಲಸ ಕಡಿಮೆಯಾಗಲಿಲ್ಲ. ‘ಅತ್ತೀ, ನೀವು ಕುಂದರ್ರಿ, ನಾ ಮಾಡತೇನಿ’ ಎಂದು ಸೊಸೆ ಎಲ್ಲವನ್ನೂ ತನ್ನ ಮೈಮೇಲೆ ಎಳೆದುಕೊಂಡಳು. ಅವಳು ಮಧ್ಯಾಹ್ನ ಊರವರ ರವಕೆ ಹೊಲಿಯುತ್ತಾಳೆ, ಎರಡು ಮಕ್ಕಳಿವೆ. ಮೂರು ತಿಂಗಳು ನಾನು ಹಾಯಾಗಿ ಕುಳಿತಿದ್ದೆ. ಎಲ್ಲರೂ ನನ್ನ ಮನೆಯವರನ್ನು ಹೊಗಳಿದರು, ‘ಎಷ್ಟ ಛಂದ ಹೊಂದ್ಕೊಂಡಾರ’ ಎಂದು. ಯಾರು ಹೊಂದಿಕೊಂಡದ್ದು? ನಾನು ನಿಧಾನವಾದಷ್ಟೂ ಒಬ್ಬ ಹೆಣ್ಣುಮಗಳು ಇಮ್ಮಡಿ ಓಡಿದಳು, ಅಷ್ಟೇ. ಗಂಡಸರ ಗಡಿಯಾರ ಒಂದು ನಿಮಿಷ ಹಿಂದೆ ಮುಂದೆ ಆಗಲಿಲ್ಲ. ಏಳಕ್ಕೆ ಚಹಾ, ಎಂಟಕ್ಕೆ ಬಿಸಿನೀರು, ಒಂಬತ್ತಕ್ಕೆ ಊಟ.

ಆ ಬಿಸಿನೀರಿನ ಮಾತೇ ಆಡಬೇಕು. ನಮ್ಮ ಊರುಗಳಲ್ಲಿ ಗ್ಯಾಸ್ ಬಂದಿದೆ, ಒಲೆ ಹೋಗಿಲ್ಲ. ಬೈಲಹೊಂಗಲದಲ್ಲಿ ಮುಂಜಾನೆ ಓಣಿಯಲ್ಲಿ ನಡೆದು ನೋಡಿ. ಚಹಾಕ್ಕೆ, ಅನ್ನಕ್ಕೆ, ಪಲ್ಯೆಗೆ ಗ್ಯಾಸು. ಹಿತ್ತಲಲ್ಲಿ ಹಂಡೆಯ ಕೆಳಗೆ ಮಾತ್ರ ಕಟ್ಟಿಗೆ, ತೆಂಗಿನ ಸಿಪ್ಪೆ, ಹಳೆಯ ಟೈರಿನ ತುಂಡು, ಮಕ್ಕಳ ಹಳೆಯ ನೋಟುಬುಕ್ಕು. ಇನ್ನೊಂದು ಒಲೆ ರೊಟ್ಟಿಗೆ. ಗ್ಯಾಸಿನ ಮೇಲಿನ ಜೋಳದ ರೊಟ್ಟಿಗೆ ರುಚಿಯಿಲ್ಲವಂತೆ. ಒಂದು ದಿನ ಮುಂಜಾನೆ ನಾನು ಕುರ್ಚಿಯ ಮೇಲೆ ಕುಳಿತು ತುಟಿ ಕೂಡಿಸಿ ಉಸಿರು ಬಿಡುತ್ತಿದ್ದೆ. ಹಿತ್ತಲಿನಿಂದ ಕೆಮ್ಮು ಕೇಳಿಸಿತು. ಅದು ಒಣಕೆಮ್ಮು, ಕೊನೆಗೆ ಸಣ್ಣಗೆ ಸಿಳ್ಳೆ ಹೊಡೆಯುವಂಥದು. ನನ್ನದೇ ಕೆಮ್ಮು, ಮೂವತ್ತು ವರ್ಷದ ಹಿಂದಿನದು. ಎದ್ದು ಹೋಗಿ ನೋಡಿದರೆ ಸೊಸೆ ಹೊಗೆಯೊಳಗೆ ಕಣ್ಣು ಮುಚ್ಚಿ ಊದುತ್ತಿದ್ದಳು. ನನ್ನ ಲೆಕ್ಕದ ಚೀಟಿಯ ಕೆಳಗೆ ಅವಳ ಲೆಕ್ಕ ಬರೆದೆ. ದಿನಕ್ಕೆ ಎರಡು ತಾಸು, ಒಂಬತ್ತು ವರ್ಷ, 18. ಅರವತ್ತಕ್ಕೆ ಇನ್ನೂ ದೂರವಿದೆ ಎಂದು ಸಮಾಧಾನ ಮಾಡಿಕೊಳ್ಳಲೇ? ಅವಳಿಗೆ ವಯಸ್ಸು ಮೂವತ್ತೊಂದು. ಇವಳು ಮದುವೆಯಾಗಿ ಬಂದ ಹೊಸದರಲ್ಲಿ ‘ನಮ್ಮ ಸೊಸಿಗೆ ಚುರುಕಿಲ್ಲ’ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದವಳೂ ನಾನೇ.

ಅವತ್ತು ರಾತ್ರಿ ಊಟಕ್ಕೆ ಕುಳಿತಾಗ ಹೇಳಿದೆ, ‘ನಾಳಿಂದ ಯಾರು ಜಳಕಾ ಮಾಡತಾರೋ ಅವರ ನೀರೊಲಿ ಹಚ್ಚಬೇಕು.’ ನಮ್ಮ ಮನೆಯವರು ನಕ್ಕರು. ‘ಒಲಿ ನೀರಿನ ಜಳಕಾನ ಬ್ಯಾರೆ, ಮೈ ಹಗರ ಆಗತೈತಿ’ ಎಂದರು. ಆಗಲಿ, ಹಚ್ಚಿರಿ ಎಂದೆ. ಮಾತು ಬೆಳೆಯಿತು, ನಡುವೆ ನನಗೆ ದಮ್ಮು ಬಂತು, ಮಗ ಪಂಪು ತಂದುಕೊಟ್ಟ. ಆದರೂ ನಾನು ಸೋಲಲಿಲ್ಲ. ನಾಲ್ಕು ದಿನ ಅವರೇ ಒಲೆ ಹಚ್ಚಿದರು. ಮೊದಲ ದಿನ ಪಂಚೆಗೆ ಮಸಿ, ಎರಡನೆಯ ದಿನ ಕಣ್ಣೀರು, ಮೂರನೆಯ ದಿನ ಅವರಿಗೂ ಕೆಮ್ಮು. ಐದನೆಯ ದಿನ ಬಜಾರದಿಂದ ನೀರು ಕಾಯಿಸುವ ಕರೆಂಟಿನ ಹೀಟರ್ ಬಂತು. ಇಪ್ಪತ್ತೆರಡು ವರ್ಷ ಹಳ್ಳಿಯಲ್ಲಿ, ಮತ್ತೆ ಇಷ್ಟು ವರ್ಷ ಇಲ್ಲಿ ಹೆಂಡತಿ ಊದಿದಾಗ ಕಾಣದ ಹೊಗೆ ನಾಲ್ಕೇ ದಿನದಲ್ಲಿ ಕಂಡಿತು ನೋಡಿ. ರೊಟ್ಟಿಯ ವಿಷಯ ಇನ್ನೂ ಪೂರ್ತಿ ಬಗೆಹರಿದಿಲ್ಲ. ಈಗ ಗ್ಯಾಸಿನ ಮೇಲೆ ದೊಡ್ಡ ಹಂಚಿಟ್ಟು ಮಾಡುತ್ತಾಳೆ. ನಮ್ಮ ಮನೆಯವರು ತುತ್ತು ಬಾಯಿಗಿಟ್ಟು ಒಮ್ಮೆ ನಿಟ್ಟುಸಿರು ಬಿಡುತ್ತಾರೆ. ಬಿಡಲಿ, ಅವರಿಗೆ ನಿಟ್ಟುಸಿರು ಬಿಡುವಷ್ಟು ಗಾಳಿಯಿದೆ.

ನಿಮ್ಮ ಮನೆಯಲ್ಲಿ ಅನುಕೂಲವಿತ್ತು, ಹೀಟರ್ ಬಂತು, ಎನ್ನುತ್ತೀರಿ. ಒಪ್ಪುತ್ತೇನೆ. ನನ್ನ ನಾದಿನಿ ರಾಮದುರ್ಗದವಳು, ನೇಕಾರರ ಓಣಿಯಲ್ಲಿ ಅವಳ ಮನೆಗೆ ಅಂಟಿಕೊಂಡೇ ಒಂದು ಮಗ್ಗದ ಮನೆಯಿದೆ. ಆ ಮನೆಯ ಹೆಂಗಸಿಗೂ ನನ್ನ ಹಾಗೆಯೇ ದಮ್ಮು. ಗಂಡ ಮಗ್ಗದ ಮೇಲೆ, ಇವಳು ಕಂಡಿಕೆ ಸುತ್ತುತ್ತಾಳೆ. ಮೂಗಿಗೆ ನೂಲಿನ ಧೂಳು, ಸಂಜೆಗೆ ಒಲೆಯ ಹೊಗೆ. ನಾನು ದೊಡ್ಡದಾಗಿ ನಿಧಾನದ ಪಾಠ ಹೇಳಲು ಹೋದೆ. ‘ಅಕ್ಕಾರ, ನನ್ನ ಕೈ ನಿಧಾನ ಆದ್ರ ಮಗ್ಗಾ ನಿಂದರತೈತಿ, ಮಗ್ಗಾ ನಿಂತ್ರ ಸೀರಿ ಇಲ್ಲ, ಸೀರಿ ಇಲ್ಲಂದ್ರ ರೊಕ್ಕಾ ಇಲ್ಲ’ ಎಂದಳು. ಬಾಯಿ ಮುಚ್ಚಿಕೊಂಡು ಬಂದೆ. ನಮ್ಮ ಕಡೆ ಹತ್ತಿ ಬಿಡಿಸುವ ಹೆಂಗಸರದೂ ಇದೇ ಕತೆ, ಕಿಲೋ ಲೆಕ್ಕದಲ್ಲಿ ಕೂಲಿ. ಮೆಲ್ಲಗೆ ಬಿಡಿಸಿದವಳಿಗೆ ಮೆಲ್ಲಗಿನ ಕೂಲಿ. ಆರೋಗ್ಯದ ಪುಸ್ತಕಗಳಲ್ಲಿ ‘ಜೀವನದ ವೇಗ ತಗ್ಗಿಸಿ, ಮನಸ್ಸಿಗೆ ಹಿತವಾದ ಹವ್ಯಾಸ ಬೆಳೆಸಿಕೊಳ್ಳಿ’ ಎಂದು ಬರೆಯುವವರು ಇವಳ ಮಗ್ಗದ ಮುಂದೆ ಬಂದು ಅದನ್ನೊಮ್ಮೆ ಓದಿ ಹೇಳಲಿ.

ಸರಕಾರ ಏನೂ ಮಾಡಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲೇ ಅಸ್ತ್ರ ಒಲೆ ಎಂದು ಹೊಗೆ ಕೊಳವೆಯಿರುವ ಒಲೆ ಮಾಡಿದರು. ಕಟ್ಟಿಗೆ ಉಳಿಯುತ್ತಿತ್ತು, ಹೊಗೆ ಮೇಲೆ ಹೋಗುತ್ತಿತ್ತು. ನಮ್ಮ ಹಳ್ಳಿಯ ಮನೆಗೂ ಅಂಥದೇ ಒಂದು ಒಲೆ ಬಂತು. ಒಂದು ವರ್ಷಕ್ಕೆ ಕೊಳವೆಯಲ್ಲಿ ಮಸಿ ಕಟ್ಟಿತು. ಅದನ್ನು ಯಾರು ಸ್ವಚ್ಛ ಮಾಡಬೇಕೆಂಬುದು ಮನೆಯಲ್ಲಿ ತೀರ್ಮಾನವಾಗಲಿಲ್ಲ, ಮಾಳಿಗೆ ಹತ್ತುವುದು ಹೆಂಗಸರ ಕೆಲಸವಲ್ಲ, ಒಲೆ ಗಂಡಸರ ಕೆಲಸವಲ್ಲ. ಅದರ ಮೇಲೆ ನಮ್ಮ ರೊಟ್ಟಿಯ ಹಂಚು ಆ ಒಲೆಯ ಬಾಯಿಗೆ ಹೊಂದಲಿಲ್ಲ. ಕೊನೆಗೆ ಮಾವನವರು ಒಡೆಸಿಹಾಕಿ ಹಳೆಯ ಒಲೆಯನ್ನೇ ಹೂಡಿಸಿದರು. 2016ರಲ್ಲಿ ಉಜ್ವಲಾ ಯೋಜನೆ ಬಂತು, ಬಡವರ ಮನೆಗೂ ಗ್ಯಾಸ್ ಸಿಲಿಂಡರ್ ಹೋಯಿತು. ಒಳ್ಳೆಯದೇ. ಆದರೆ ಮೊದಲ ಸಿಲಿಂಡರ್ ಖಾಲಿಯಾದ ಮೇಲೆ ಎರಡನೆಯದಕ್ಕೆ ರೊಕ್ಕ ತೆಗೆಯುವಾಗ ಮನೆಯಲ್ಲಿ ಕೇಳುವ ಪ್ರಶ್ನೆ ಒಂದೇ: ‘ಕಟ್ಟಿಗಿ ಅದಾವಲ್ಲ?’ ಹೊಲದಲ್ಲಿ ಹತ್ತಿಕಟ್ಟಿಗೆ ಪುಕ್ಕಟೆ ಸಿಗುತ್ತದೆ, ಹೆಂಗಸಿನ ಎದೆಯೂ ಪುಕ್ಕಟೆ ಸಿಗುತ್ತದೆ. 2023ರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಹೆಂಗಸಿನ ಖಾತೆಗೇ ಬರತೊಡಗಿದ ಮೇಲೆ ನಮ್ಮ ಓಣಿಯ ಒಬ್ಬಿಬ್ಬರು ಅದರಲ್ಲೇ ಸಿಲಿಂಡರ್ ತರಿಸಿಕೊಂಡದ್ದನ್ನು ನೋಡಿದ್ದೇನೆ. ಕೇಳದೆ ತರಿಸಿಕೊಂಡರು. ನನಗೆ ಸಂತೋಷವಾಯಿತು.

ಪಂಪಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಬಂದವರೆಲ್ಲ ಅದನ್ನು ನೋಡಿ ‘ಹಚ್ಚಬ್ಯಾಡ್ರಿ, ಚಟಾ ಆಗತೈತಿ’ ಎಂದು ಹೆದರಿಸುತ್ತಾರೆ. ಅವರೇ ದಮ್ಮು ಬಂದಾಗ ಅಂಗಡಿಯಿಂದ ಸಾಲ್ಬುಟಮಾಲ್ ಗುಳಿಗೆ ತಂದು ನುಂಗುತ್ತಾರೆ. ಅದೇ ಔಷಧ ಒಂದು ಸಣ್ಣ ಗುಳಿಗೆಯಲ್ಲಿ 2 ಮಿಲಿಗ್ರಾಂ ಇರುತ್ತದೆ. ಪಂಪಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ, ಅಂದರೆ ಗುಳಿಗೆಯ ಇಪ್ಪತ್ತರಲ್ಲಿ ಒಂದು ಪಾಲು. ಅದು ನೆಟ್ಟಗೆ ಪುಪ್ಪುಸಕ್ಕೇ ಹೋಗುತ್ತದೆ, ಗುಳಿಗೆ ಮೈಯೆಲ್ಲ ಸುತ್ತಿ ಕೈ ನಡುಗಿಸಿ ಎದೆ ಬಡಿಸಿ ಆಮೇಲೆ ಅಲ್ಲಿಗೆ ಮುಟ್ಟುತ್ತದೆ. ಚಟ ಎಂದರೆ ಬಿಟ್ಟರೆ ನಡೆಯುವಂಥದು. ಕನ್ನಡಕ ಹಾಕಿಕೊಂಡವರಿಗೆ ಯಾರೂ ಚಟ ಎನ್ನುವುದಿಲ್ಲ. ಮದುವೆಯ ಮನೆಯಲ್ಲಿ ಹುಡುಗಿಯರು ಪಂಪನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಚ್ಚಲಿಗೆ ಹೋಗಿ ಎಳೆದುಕೊಂಡು ಬರುವುದನ್ನು ಕಂಡಿದ್ದೇನೆ, ಕಂಡರೆ ಸಂಬಂಧ ತಪ್ಪೀತೆಂದು. ನಾನು ಮಾತ್ರ ಕುರ್ಚಿಯ ಮೇಲೆ ಕುಳಿತೇ, ಎಲ್ಲರೆದುರಿಗೇ ಎಳೆದುಕೊಳ್ಳುತ್ತೇನೆ.

ಮುಂದಿನ ಭಾರತ ಹುಣ್ಣಿಮೆಗೆ ನಮ್ಮ ಮನೆತನದವರೆಲ್ಲ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರಿದ್ದಾರೆ. ಪಡ್ಡಲಗಿ ತುಂಬಿಸಬೇಕು. ಗುಡ್ಡದ ಮೇಲೆ ಮೂರು ಕಲ್ಲು ಹೂಡಿ ಹೋಳಿಗೆ, ಕಡಬು ಮಾಡುವುದು ನಡೆದುಬಂದ ಪದ್ಧತಿ. ಸಾವಿರಾರು ಒಲೆಗಳ ಹೊಗೆ, ಗಾಳಿಯಲ್ಲೆಲ್ಲ ಭಂಡಾರ. ಮೊನ್ನೆ ದೊಡ್ಡ ವೈನಿ ಫೋನ್ ಮಾಡಿ, ‘ನಿನ್ನ ಕೈಲೆ ಆಗೂದಿಲ್ಲ ಬಿಡು, ಸೊಸೀನ್ನ ಕಳಸಿಕೊಡು, ಆಕಿ ಒಲಿ ಮುಂದ ಕುಂದರತಾಳ’ ಎಂದರು. ನಾನು ಸೊಸೆಯನ್ನು ಕಳಿಸುವುದಿಲ್ಲ ಎಂದೆ. ನಾನೇ ಬರುತ್ತೇನೆ, ಮೆಲ್ಲಗೆ ಹತ್ತುತ್ತೇನೆ, ನಿಂತು ನಿಂತು ಹತ್ತುತ್ತೇನೆ, ನೀವೆಲ್ಲ ಮುಂದೆ ಹೋಗಿ ಕಾಯಿರಿ. ಹೋಳಿಗೆಯನ್ನು ಹಿಂದಿನ ದಿನ ನಮ್ಮ ಮನೆಯಲ್ಲೇ ಗ್ಯಾಸಿನ ಮೇಲೆ ಎಲ್ಲರೂ ಕೂಡಿ ಮಾಡೋಣ, ಹೂರಣ ರುಬ್ಬಲು ನಿಮ್ಮ ಮಗನನ್ನು ಕರೆದುಕೊಂಡು ಬನ್ನಿ ಎಂದೆ. ವೈನಿ ಬಹಳ ಹೊತ್ತು ಸುಮ್ಮನಿದ್ದರು. ‘ಪದ್ಧತಿ ಅಲ್ಲ ಅದು’ ಎಂದರು. ಆಮೇಲೆ ಮನೆಯಲ್ಲಿ ಕೇಳಿ ಹೇಳುತ್ತೇನೆಂದು ಫೋನ್ ಇಟ್ಟರು. ವಾರವಾಯಿತು, ಇನ್ನೂ ಹೇಳಿಲ್ಲ.